ಅವ್ವ ಹೊಗೆಸೊಪ್ಪು ಬಿಟ್ಟ ಬೇಸಿಗೆ

ನಾನು ಚಿಕ್ಕವಳಾಗಿದ್ದಾಗ ಅವ್ವನ ಮಾತಿನಲ್ಲಿ ಅರ್ಧದಷ್ಟು ಮೂಗಿನಿಂದಲೇ ಬರುತ್ತಿತ್ತು. ಬಾಯಲ್ಲಿ ಸದಾ ಎಲೆ, ಅಡಿಕೆ, ಹೊಗೆಸೊಪ್ಪು ಇರುತ್ತಿದ್ದುದರಿಂದ ತುಟಿ ತೆರೆದರೆ ರಸ ಚೆಲ್ಲುವ ಭಯ. ಹೋಗು, ಬಾ, ಬಾಗಿಲು ಹಾಕು, ಒಲೆ ಮೇಲೆ ಹಾಲಿದೆ ನೋಡು, ಇವೆಲ್ಲಕ್ಕೂ ಅವಳ ಹತ್ತಿರ ಬೇರೆ ಬೇರೆ ಹ್ಞೂಂಕಾರಗಳಿದ್ದವು. ನಾನೂ ನನ್ನ ತಮ್ಮನೂ ನಡೆದಾಡಲು ಕಲಿತ ಹಾಗೆಯೇ ಅವನ್ನೂ ಕಲಿತಿದ್ದೆವು. ಹೊಸಬರು ಮನೆಗೆ ಬಂದರೆ ಅವ್ವ ಏನಂದಳೆಂದು ನಾವೇ ಬಿಡಿಸಿ ಹೇಳಬೇಕಾಗುತ್ತಿತ್ತು.

ಅವಳ ಸೊಂಟದಲ್ಲಿ ಒಂದು ಸಂಚಿ. ಹಳೆಯ ರೇಷ್ಮೆ ಸೀರೆಯ ಸೆರಗಿನಲ್ಲಿ ಹೊಲಿದದ್ದು, ಒಳಗೆ ನಾಲ್ಕಾರು ಖಾನೆ, ಎಳೆದರೆ ಮುಚ್ಚಿಕೊಳ್ಳುವ ದಾರ. ಅದರ ವಾಸನೆಯೇ ನನಗೆ ಅವ್ವನ ವಾಸನೆ. ಜ್ವರ ಬಂದಾಗ ಅವಳ ಮಗ್ಗುಲಿಗೆ ಮಲಗಿ ಆ ಸಂಚಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ನಿದ್ದೆ ಹೋಗುತ್ತಿದ್ದೆ. ಹೊಗೆಸೊಪ್ಪು ಕೆಟ್ಟದ್ದೆಂದು ಶಾಲೆಯಲ್ಲಿ ಓದಿದಾಗಲೂ ಅದು ಬೇರೆ ಯಾರದೋ ಹೊಗೆಸೊಪ್ಪಿನ ವಿಷಯ ಎಂದೇ ಅಂದುಕೊಂಡಿದ್ದೆ.

ಅಪ್ಪನದು ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ. ಹೆಚ್ಚು ಮಾತಿನವರಲ್ಲ. ಸಂಜೆ ಅಂಗಡಿ ಮುಚ್ಚಿ ಬರುವಾಗ ಅಂಗಿಯ ತುಂಬ ಸಿಪ್ಪೆಯ ಧೂಳು, ಎಡಗೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ವೀಳ್ಯದ ಕಟ್ಟು, ಅದರೊಳಗೆ ಕಾಗದದ ಸಣ್ಣ ಪೊಟ್ಟಣ. ಅದನ್ನು ಅವ್ವನ ಕೈಗೆ ಕೊಡುತ್ತಿರಲಿಲ್ಲ. ದೇವರ ಮನೆಯ ಪಕ್ಕದ ಗೂಡಿನಲ್ಲಿಟ್ಟು, ಒಂದು ಸಲ ಕೆಮ್ಮಿ, ಕೈಕಾಲು ತೊಳೆಯಲು ಹೋಗುತ್ತಿದ್ದರು. ಆ ಕೆಮ್ಮು ಕೇಳಿದ ಮೇಲೆ ಅವ್ವ ಒಳಗಿನಿಂದ ಬರುತ್ತಿದ್ದಳು. ಜಗಳವಾಡಿದ ದಿನಗಳಲ್ಲೂ ಪೊಟ್ಟಣ ತಪ್ಪುತ್ತಿರಲಿಲ್ಲ. ಅವರಿಬ್ಬರ ನಡುವಿನ ಪ್ರೀತಿಯಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಅದೊಂದೇ.

ಅವ್ವ ಹುಟ್ಟಿನಿಂದ ಹಾಗಿದ್ದವಳಲ್ಲ. ತಮ್ಮ ಹುಟ್ಟಿದ ಹೊಸತರಲ್ಲಿ ಅವಳಿಗೆ ಹಲ್ಲುನೋವು ಬಂದಿತ್ತಂತೆ. ಬಾಣಂತಿಯನ್ನು ಎಲ್ಲಿಗೂ ಕರೆದೊಯ್ಯುವಂತಿರಲಿಲ್ಲ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ತನ್ನ ಸಂಚಿಯಿಂದ ಒಂದು ಚೂರು ಹೊಗೆಸೊಪ್ಪು ಮುರಿದು, ಸುಣ್ಣ ಹಚ್ಚಿ, ನೋಯುವ ಹಲ್ಲಿನ ಬುಡಕ್ಕೆ ಇಡಿಸಿದಳು. ನೋವು ಅಡಗಿತು. ಹಲ್ಲು ಆಮೇಲೆ ಎಂದೋ ಬಿದ್ದುಹೋಯಿತು, ಚೂರು ಮಾತ್ರ ಉಳಿದುಕೊಂಡಿತು. ಅಜ್ಜಿ ತೀರಿಕೊಂಡಾಗ ಅವಳ ಅಡಕತ್ತರಿ ಅವ್ವನ ಪಾಲಿಗೆ ಬಂತು.

ಅದಕ್ಕೂ ಮೊದಲಿನ ಅವ್ವನ ಸುದ್ದಿ ನನಗೆ ಸಿಕ್ಕಿದ್ದು ಮೊಳಕಾಲ್ಮೂರಿನಲ್ಲಿ. ಅದು ಅವಳ ತವರು. ಬೇಸಿಗೆ ರಜೆ ಬಂತೆಂದರೆ ತಳಕಿನ ಮೇಲೆ ಹೋಗುವ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ಬಂಡೆಗಳನ್ನು ಯಾರೋ ತಂದು ಒಟ್ಟಿದಂತಿರುವ ಗುಡ್ಡಗಳು ಕಂಡವೆಂದರೆ ಊರು ಬಂತೆಂದೇ ಲೆಕ್ಕ. ನಮ್ಮ ಸೋದರಮಾವನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದವರು ನೇಕಾರರು, ಮನೆಮಾತು ತೆಲುಗು. ಅವ್ವನ ಬಾಲ್ಯದ ಗೆಳತಿ ಹುಟ್ಟಿದ್ದು ಆ ಮನೆಯಲ್ಲೇ. ಸ್ವಂತ ಸೋದರತ್ತೆಯ ಮಗನನ್ನು ಮದುವೆಯಾಗಿ, ಗಂಡನನ್ನೂ ಅಲ್ಲಿಗೇ ಕರೆಸಿಕೊಂಡು, ಆ ಮನೆಯಲ್ಲೇ ಉಳಿದವಳು. ನಾವು ಅವಳನ್ನು ಪಿನ್ನಿ ಎನ್ನುತ್ತಿದ್ದೆವು, ತೆಲುಗಿನಲ್ಲಿ ಚಿಕ್ಕಮ್ಮ ಅಂತ. ಅವಳು ಅವ್ವನನ್ನು ಅಕ್ಕ ಎನ್ನುತ್ತಿದ್ದಳು, ಇಬ್ಬರದೂ ಒಂದೇ ವಯಸ್ಸಾದರೂ.

"ನಿಮ್ಮವ್ವ ಹಾಡಿದ್ರೆ ಬೀದಿ ಮಗ್ಗ ಎಲ್ಲಾ ನಿಲ್ತಿದ್ವು" ಎಂದು ಪಿನ್ನಿ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ನಾನು ಅವ್ವನ ದನಿಯಲ್ಲಿ ಹಾಡು ಕೇಳಿಯೇ ಇರಲಿಲ್ಲ. ಪಿನ್ನಿಯ ಪ್ರಕಾರ, ಇಬ್ಬರೂ ಹುಡುಗಿಯರಾಗಿದ್ದಾಗ ಮಧ್ಯಾಹ್ನ ಪೂರ್ತಿ ಅವಳ ಮನೆಯ ಪಡಸಾಲೆಯಲ್ಲಿ ಕೂತು ರಾಟೆಯಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದರು. ಒಂದು ಸಾಲು ಅವಳದು, ಒಂದು ಸಾಲು ಇವಳದು. ಕನ್ನಡದ್ದು, ತೆಲುಗಿನದು, ಮದುವೆ ಮನೆಯಲ್ಲಿ ಕೇಳಿದ್ದು, ಭಜನೆಯಲ್ಲಿ ಕೇಳಿದ್ದು, ಯಾವುದೂ ಸಿಗದಿದ್ದಾಗ ತಾವೇ ಕಟ್ಟಿದ್ದು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೂ ಕೆಲವು ವರ್ಷ, ಹೊಸ ಸೊಸೆಯ ದನಿ ಕೇಳಲೆಂದೇ ಮದುವೆ ಮನೆಗಳಲ್ಲಿ ಹಸೆ ಹಾಡಲು ಕರೆಯುತ್ತಿದ್ದರಂತೆ. ಬಾಯಿ ತುಂಬಿದ ಮೇಲೆ ಕರೆಯುವುದನ್ನು ಬಿಟ್ಟರು. ಅವ್ವನಿಗೂ ಅದು ನೆನಪಾದಂತೆ ಕಾಣಲಿಲ್ಲ.

ನಾನು ದೊಡ್ಡವಳಾದೆ, ಊರಿನಲ್ಲೇ ಮದುವೆಯಾಯಿತು, ಅಲ್ಲೇ ಪ್ರೌಢಶಾಲೆಯಲ್ಲಿ ಕೆಲಸವೂ ಸಿಕ್ಕಿತು. ತವರು ನನ್ನ ಮನೆಯಿಂದ ಎರಡು ಬೀದಿಯಾಚೆ. ಈಗ್ಗೆ ಕೆಲವು ವರ್ಷಗಳ ಹಿಂದೆ, ಶಿವರಾತ್ರಿ ಮುಗಿದ ಮೇಲೆ, ಅವ್ವ ಊಟ ಕಡಿಮೆ ಮಾಡಿದ್ದಾಳೆಂದು ತಮ್ಮನ ಹೆಂಡತಿ ಹೇಳಿದಳು. ಸಾರು ಬಾಯಿಗಿಟ್ಟರೆ ಉರಿ. ಮುದ್ದೆಗೆ ಬರೀ ಮಜ್ಜಿಗೆ. ಕೇಳಿದರೆ ಹ್ಞೂಂಹ್ಞೂಂ, ಏನೂ ಇಲ್ಲ ಅಂತ. ನಾನೂ ಅಪ್ಪನೂ ಸೇರಿ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರು ನನಗಿಂತ ಚಿಕ್ಕವರು, ಸಮಾಧಾನದ ಹೆಣ್ಣುಮಗಳು. ಬಾಯಿ ತೆರೆಯಿರಿ ಎಂದರು. ಅವ್ವ ತೆರೆದಳು. ಇನ್ನೂ ತೆರೆಯಿರಿ ಎಂದರು. ಅವ್ವ ನನ್ನ ಮುಖ ನೋಡಿದಳು. ಅವಳ ಪಾಲಿಗೆ ಅದೇ ಪೂರ್ತಿ ತೆರೆದ ಬಾಯಿ. ಎರಡು ಬೆರಳು ಹಿಡಿಸುವುದೂ ಕಷ್ಟವಿತ್ತು. ಕೆನ್ನೆಯ ಒಳಗೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲೇ, ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಕೆಟ್ಟ ರೋಗವಲ್ಲ ಎಂದು ಬಂತು. ಆದರೆ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇವತ್ತು ಅಲ್ಲ, ನಾಳೆ ಆಗಬಹುದು, ಎಲೆ ಅಡಿಕೆ ಹೊಗೆಸೊಪ್ಪು ಎಲ್ಲವನ್ನೂ ಪೂರ್ತಿ ಬಿಡಬೇಕು, ಬಾಯಿಗೆ ವ್ಯಾಯಾಮ ಕೊಡಬೇಕು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಅವ್ವ ತಲೆಯಾಡಿಸಿದಳು. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ, ಅವಳ ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋದದ್ದನ್ನು ನಾನೂ ನೋಡಿದೆ, ಅಪ್ಪನೂ ನೋಡಿದರು.

ಆ ಸಂಜೆ ಅಪ್ಪ ಅಂಗಡಿಯಿಂದ ಮೊದಲ ಬಾರಿಗೆ ಬರಿಗೈಯಲ್ಲಿ ಮನೆಗೆ ಬಂದರು. ನಾನು ಪಡಸಾಲೆಯಲ್ಲಿ ಕೂತಿದ್ದೆ. ಗೂಡಿನ ಮುಂದೆ ನಿಂತು, ಎಡಗೈ ಏನು ಮಾಡಬೇಕೆಂದು ತಿಳಿಯದಂತೆ, ಅಂಗಿಯ ಗುಂಡಿ ಮುಟ್ಟಿಕೊಂಡರು. ಅಭ್ಯಾಸಬಲದಿಂದ ಕೆಮ್ಮಿದರು. ಅವ್ವ ಒಳಗಿನಿಂದ ಬಂದಳು. ಗೂಡು ಖಾಲಿ ಇತ್ತು.

ಆಮೇಲಿನ ವಾರಗಳು ಕಷ್ಟದವು. ಲವಂಗ ಕೊಟ್ಟೆವು, ಸೋಂಪು ಕೊಟ್ಟೆವು, ಪೆಪ್ಪರಮೆಂಟು ಕೊಟ್ಟೆವು. ಅವ್ವನಿಗೆ ತಲೆನೋವು, ನಿದ್ದೆಯಿಲ್ಲ, ಎಲ್ಲದಕ್ಕೂ ಸಿಡುಕು. ಎಂದೂ ಯಾರನ್ನೂ ಬೈಯದವಳು ತಮ್ಮನ ಹೆಂಡತಿಗೆ ಪಾತ್ರೆ ಸದ್ದಾಯಿತೆಂದು ಬೈದು, ಆಮೇಲೆ ಅಡುಗೆ ಮನೆಯ ಮೂಲೆಯಲ್ಲಿ ಕೂತು ಅತ್ತಳು. ಒಂದು ದಿನ ರಾಗಿ ಡಬ್ಬಿಯೊಳಗೆ ಪೊಟ್ಟಣ ಸಿಕ್ಕಿತು. ಇನ್ನೊಂದು ದಿನ ಹಾಸಿಗೆಯ ಕೆಳಗೆ. ನಾನು ಬೈಯಲಿಲ್ಲ, ಪಕ್ಕದಲ್ಲಿ ಕೂತೆ.

"ಬಿಡಾಕೆ ಮನಸೈತೆ ಕಣೇ" ಎಂದಳು. "ಬಾಯಿ ಸುಮ್ನಿರಲ್ಲ. ಮನೆ ಖಾಲಿಯಾದಂಗೆ ಆಗ್ತೈತೆ."

ಅದನ್ನು ಫೋನಿನಲ್ಲಿ ಪಿನ್ನಿಗೆ ಹೇಳಿದೆ. ಅವಳು ಉಪದೇಶ ಮಾಡಲಿಲ್ಲ, ಅಯ್ಯೋ ಎನ್ನಲಿಲ್ಲ. ರಜಾ ಯಾವಾಗ ನಿನಗೆ ಎಂದು ಕೇಳಿದಳು. ಮುಂದಿನ ವಾರ ಎಂದೆ. ಹಾಗಾದರೆ ಅಕ್ಕನನ್ನು ಕರೆದುಕೊಂಡು ಬಾ, ಮಗಳ ಮದುವೆಗೆ ಸೀರೆ ನೇಯಬೇಕು, ನೂಲು ಸುತ್ತೋಕೆ ಜನ ಇಲ್ಲ ಎಂದಳು. ಅವಳ ಮಗಳ ಮದುವೆಯಾಗಿ ಮೊಮ್ಮಕ್ಕಳಿದ್ದರು. ಅದು ಅವ್ವನಿಗೂ ಗೊತ್ತಿತ್ತು. ಹೋಗೋಣ ಎಂದಾಗ ಅವಳೂ ಅದನ್ನು ಎತ್ತಲಿಲ್ಲ, ಸೀರೆ ಮಡಚತೊಡಗಿದಳು.

ಬಿಸಿಲು ಏರುವ ಮೊದಲೇ ಬಸ್ಸು ಹತ್ತಿದೆವು. ಎರಡೂ ಬದಿಗೆ ಉತ್ತು ಬಿಟ್ಟ ಕೆಂಪು ಹೊಲ, ಜಾಲಿ, ಕುರಿಮಂದೆ. ತಳಕಿನಲ್ಲಿ ಬಸ್ಸು ನಿಂತಾಗ ಅವ್ವ ಕಿಟಕಿಯಾಚೆ ಗೂಡಂಗಡಿಯಲ್ಲಿ ನೇತಾಡುತ್ತಿದ್ದ ಪೊಟ್ಟಣಗಳ ಸರವನ್ನೇ ನೋಡುತ್ತಿದ್ದಳು. ನಾನು ಎಳನೀರು ಕೊಡಿಸಿದೆ. ಕುಡಿದಳು, ಆದರೆ ಕಣ್ಣು ತೆಗೆಯಲಿಲ್ಲ.

ಪಿನ್ನಿಯ ಮನೆ ನನ್ನ ಬಾಲ್ಯದಲ್ಲಿ ಇದ್ದಂತೆಯೇ ಇತ್ತು. ಪಡಸಾಲೆಯ ಅರ್ಧ ಮಗ್ಗಕ್ಕೆ, ಉಳಿದರ್ಧ ಮನುಷ್ಯರಿಗೆ. ನೆಲದಲ್ಲಿ ತೋಡಿದ ಗುಣಿಗೆ ಕಾಲು ಇಳಿಬಿಟ್ಟು ಪಿನ್ನಿಯ ಗಂಡ ನೇಯುತ್ತಿದ್ದರು. ಲಾಳಿ ಆಚೆಯಿಂದ ಈಚೆಗೆ ಓಡುವ ಸದ್ದು, ಆಮೇಲೆ ನೂಲನ್ನು ಬಡಿದು ಕೂರಿಸುವ ಸದ್ದು. ಅವರು ಕೈ ನಿಲ್ಲಿಸದೆಯೇ "ರಾ ಅಮ್ಮಾ" ಎಂದು ನಕ್ಕರು. ಅವ್ವನನ್ನು ಗೋಡೆಗೊರಗಿಸಿ ಕೂರಿಸಿ, ಮುಂದೆ ರಾಟೆ ಇಟ್ಟು, ಪಿನ್ನಿ ಕೆಂಪು ನೂಲಿನ ಲಡಿ ಹಾಕಿದಳು. ಹೊಗೆಸೊಪ್ಪಿನ ಮಾತನ್ನೇ ತೆಗೆಯಲಿಲ್ಲ. ಅವ್ವನ ಕೈ ಮೊದಲು ತಡಬಡಾಯಿಸಿತು, ನೂಲು ಹರಿಯಿತು. ಊಟದ ಹೊತ್ತಿಗೆ ಕೈ ಹಳೆಯ ದಾರಿ ಹಿಡಿದಿತ್ತು.

ಊಟವಾದ ಮೇಲೆ ಕಷ್ಟ ಶುರುವಾಯಿತು. ಅದು ಅವಳು ಎಲೆ ಹಾಕುವ ಹೊತ್ತು. ರಾಟೆ ಬಿಟ್ಟು ಎದ್ದಳು, ನೀರು ಕುಡಿದಳು, ಕೂತಳು, ಮತ್ತೆ ಎದ್ದಳು. ಬೀದಿಯ ಕೊನೆಗೆ ಅಂಗಡಿ ಇರುವುದು ಅವಳಿಗೆ ಗೊತ್ತಿತ್ತು. ಅಣ್ಣನ ಮನೆಗೆ ಹೋಗಿ ಬರ್ತೀನಿ ಎಂದು ಸೆರಗು ಹೊದ್ದಳು. ಹೊಸ್ತಿಲ ತನಕ ಹೋಗಿದ್ದಳು. ಆಗ ಪಿನ್ನಿ, ಯಾರನ್ನೂ ನೋಡದೆ, ಲಾಳಿಗೆ ಹಾಕುವ ಸಣ್ಣ ಕಂಡಿಕೆಗೆ ನೂಲು ಸುತ್ತುತ್ತಲೇ ಒಂದು ಸಾಲು ಹಾಡಿದಳು.

"ಗುಡ್ಡದ ಮ್ಯಾಲಿನ ಗಾಳಿ, ಎಲ್ಲಿಗೆ ಹೊರಟೀಯೇ..."

ಅಷ್ಟೇ. ಅಲ್ಲಿಗೆ ನಿಲ್ಲಿಸಿದಳು. ಮಗ್ಗದ ಸದ್ದೂ ನಿಂತಿತು, ಪಿನ್ನಿಯ ಗಂಡ ಬೇಕೆಂದೇ ನಿಲ್ಲಿಸಿರಬೇಕು. ಆ ಹಾಡು ಅವರಿಬ್ಬರೇ ಹುಡುಗಿಯರಾಗಿದ್ದಾಗ ಕಟ್ಟಿದ್ದೆಂದು ನನಗೆ ಆಮೇಲೆ ತಿಳಿಯಿತು. ಮೊದಲ ಸಾಲು ಪಿನ್ನಿಯದು, ಎರಡನೆಯದು ಯಾವಾಗಲೂ ಅವ್ವನದು. ಅರ್ಧ ಹಾಡು ಪಡಸಾಲೆಯ ನಡುವೆ ಹಾಗೇ ಉಳಿಯಿತು. ಅವ್ವ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಕೈ ನನಗೆ ಕಾಣುತ್ತಿತ್ತು.

"ತವರಿನ ಅಂಗಳಕೆ ಸುದ್ದಿ ತರಾಕೆ" ಎಂದಳು.

ಹಾಡಲಿಲ್ಲ, ಹೇಳಿದಳು ಅಷ್ಟೇ. ದನಿ ಒಡೆದಿತ್ತು, ಕೊನೆಯ ಅಕ್ಷರಕ್ಕೆ ಉಸಿರು ಸಾಲಲಿಲ್ಲ. ಪಿನ್ನಿ ತಿರುಗಿ ನೋಡದೆ ಮುಂದಿನ ಸಾಲು ಎತ್ತಿಕೊಂಡಳು. ಅವ್ವ ಹೊಸ್ತಿಲಲ್ಲೇ ಕೂತಳು. ಮೂರನೆಯದೋ ನಾಲ್ಕನೆಯದೋ ಸಾಲಿಗೆ ಅವಳ ದನಿಯಲ್ಲಿ ರಾಗದ ಎಳೆಯೊಂದು ಕಾಣಿಸಿಕೊಂಡಿತು. ಮಕ್ಕಳು ತಾಯಿಯ ಬಗ್ಗೆ ಎಲ್ಲ ತಿಳಿದಿದ್ದೇವೆ ಎಂದುಕೊಂಡಿರುತ್ತೇವೆ. ನಡು ವಯಸ್ಸು ದಾಟಿದ ಮೇಲೆ ನಾನು ಮೊದಲ ಬಾರಿಗೆ ಅವ್ವನ ದನಿ ಕೇಳುತ್ತಿದ್ದೆ.

ಅಂದಿನಿಂದ ಅದೇ ಕ್ರಮವಾಯಿತು. ಬೆಳಗಿನ ಕಾಫಿಯ ಮೇಲೆ, ಊಟದ ಮೇಲೆ, ನಾಲ್ಕು ಗಂಟೆಯ ಹೊತ್ತಿಗೆ, ಅವ್ವನ ಕೈ ಸೊಂಟ ತಡಕುವುದು ಕಂಡರೆ ಪಿನ್ನಿ ಒಂದು ಸಾಲು ಎಸೆಯುತ್ತಿದ್ದಳು. ಕೆಲವೊಮ್ಮೆ ತೆಲುಗಿನದು. ಅವ್ವನಿಗೆ ಮರೆತಿದ್ದರೆ "ಇಂಕೊಕಸಾರಿ" ಎಂದು ಇನ್ನೊಮ್ಮೆ ಹೇಳಿಸಿಕೊಳ್ಳುತ್ತಿದ್ದಳು. ಹಾಡು ಮುಗಿಯುವಷ್ಟರಲ್ಲಿ ಆ ಬಯಕೆಯ ಅಲೆ ಇಳಿದುಹೋಗಿರುತ್ತಿತ್ತು. ಇಳಿಯದಿದ್ದರೆ ಇನ್ನೊಂದು ಹಾಡು. ಬಾಯಿ ಪೂರ್ತಿ ತೆರೆಯದ ಕಾರಣ ಅವ್ವನಿಗೆ ಕೆಲವು ಸ್ವರ ಎಟುಕುತ್ತಿರಲಿಲ್ಲ, ಆಗ ಸಿಟ್ಟಾಗಿ ಕನ್ನಡಿ ಮುಂದೆ ನಿಂತು ಆ ಎಂದು ಬಾಯಿ ಅಗಲಿಸುತ್ತಿದ್ದಳು. ಡಾಕ್ಟರು ಹೇಳಿದ ವ್ಯಾಯಾಮವನ್ನು ಚಳ್ಳಕೆರೆಯಲ್ಲಿ ನಾವು ಎಷ್ಟು ಬೇಡಿಕೊಂಡರೂ ಮಾಡಿರಲಿಲ್ಲ.

ಪಿನ್ನಿ ತಮಾಷೆಯವಳು. ಒಂದು ದಿನ ಅವ್ವನ ಸಂಚಿಯನ್ನು ಒಗೆದು, ಒಣಗಿಸಿ, ಅದರ ಖಾನೆಗಳಿಗೆ ತನ್ನ ಬಣ್ಣಬಣ್ಣದ ಕಂಡಿಕೆ ತುಂಬಿ ಇಟ್ಟಳು. ಅವ್ವ ಹುಡುಕಿಕೊಂಡು ಬಂದಾಗ ಹೊಸ ಹಾಡು ರೆಡಿಯಾಗಿತ್ತು, "ಸಂಚಿಯ ಬಾಯಿ ಕಟ್ಟಿತು, ಅಕ್ಕನ ಬಾಯಿ ಬಿಚ್ಚಿತು". ಅವ್ವ ಕೋಪಿಸಿಕೊಳ್ಳಲು ಹೋಗಿ ನಕ್ಕುಬಿಟ್ಟಳು. ಆಮೇಲೆ ಪ್ರಾಸ ಸರಿಯಿಲ್ಲ ಎಂದು ತಿದ್ದಲು ಕೂತಳು. ಇಬ್ಬರೂ ಆ ಮಧ್ಯಾಹ್ನ ಪೂರ್ತಿ ಅದಕ್ಕೆ ಸಾಲು ಸೇರಿಸುತ್ತ, ಒಬ್ಬರನ್ನೊಬ್ಬರು ಹಂಗಿಸುತ್ತ ಕಳೆದರು. ನೂಲು ಸುತ್ತುವುದು ಅರ್ಧಕ್ಕೇ ನಿಂತಿತ್ತು.

ಪಿನ್ನಿಗೆ ಈ ಉಪಾಯ ಹೇಗೆ ಹೊಳೆಯಿತೆಂದು ಅವಳ ಗಂಡನನ್ನೇ ಕೇಳಿದೆ. ಸಂಜೆ ಮಗ್ಗದಿಂದೆದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅವರಿಗೆ ಹಿಂದೆ ಕುಡಿತವಿತ್ತು. ಅದು ನಮಗೆಲ್ಲ ಗೊತ್ತಿದ್ದದ್ದೇ, ಬಾಲ್ಯದ ರಜೆಗಳಲ್ಲಿ ಸಂಜೆಯಾದರೆ ಪಿನ್ನಿ ಬಾಗಿಲಲ್ಲೇ ಕೂತಿರುತ್ತಿದ್ದಳು. ಕೇರಿಯ ಭಜನೆಯವರು ಒಂದು ವರ್ಷ ಅವರ ಕೈಗೆ ತಾಳ ಕೊಟ್ಟು ಕೂರಿಸಿದರಂತೆ. ಅವರಿಗೆ ಭಕ್ತಿಗಿಂತ ತಾಳದ ಮೇಲೆ ಆಸೆ. ಕುಡಿದು ಬಂದರೆ ತಾಳ ತಪ್ಪುತ್ತಿತ್ತು, ತಪ್ಪಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರು.

"ಮೊದ್ಲೇ ಪೂರ್ತಿ ಬಿಟ್ಟೆ ಅಂತಲ್ಲಮ್ಮಾ" ಎಂದರು. "ಸಾಯಂಕಾಲದ ಕುಡಿತ ಒಂದನ್ನ ಆ ತಾಳ ತಪ್ಪಿಸ್ತು. ನನಗೆ ಸಾಯಂಕಾಲಾನೇ ಕಂಟಕ. ಅದು ತಪ್ಪಿದ್ರೆ ಮಿಕ್ಕಿದ್ದು ನಿಧಾನಕ್ಕೆ ತಪ್ತೈತೆ."

ಎಲ್ಲವೂ ನೆಟ್ಟಗೆ ನಡೆಯಿತೆಂದರೆ ಸುಳ್ಳಾಗುತ್ತದೆ. ರಜೆಯ ನಡುವೆ ಸೋದರಮಾವನ ಬೀಗರ ಮನೆಯಲ್ಲಿ ಒಂದು ಸೀಮಂತವಿತ್ತು. ಅವ್ವ ಹೋಗಿದ್ದಳು. ಅಲ್ಲಿ ತಟ್ಟೆ ತುಂಬ ಎಲೆ ಅಡಿಕೆ, ಹಳೆಯ ಪರಿಚಯದ ಹೆಂಗಸರು, ಒಬ್ಬರ ಸಂಚಿ ಇನ್ನೊಬ್ಬರ ಕೈಗೆ. ಮಧ್ಯಾಹ್ನ ತಿರುಗಿ ಬಂದಾಗ ಅವಳ ಎಡಗೆನ್ನೆ ಉಬ್ಬಿತ್ತು. ಏನವ್ವಾ ಎಂದೆ. ಹ್ಞೂಂ ಎಂದಳು. ಎಷ್ಟೋ ದಿನಗಳ ಮೇಲೆ ಕೇಳಿದ ಆ ಹ್ಞೂಂಕಾರ ನನ್ನ ಎದೆಗೆ ಕಲ್ಲಿನಂತೆ ಬಿತ್ತು.

ಪಿನ್ನಿ ನೋಡಿದಳು. ರಾಟೆಯ ಮುಂದೆ ಕೂತು ಗುಡ್ಡದ ಗಾಳಿಯ ಹಾಡನ್ನೇ ಎತ್ತಿಕೊಂಡಳು. ಮೊದಲ ಸಾಲು ಹಾಡಿ ಕಾದಳು. ಅವ್ವ ಗೋಡೆಗೊರಗಿ ನೆಲ ನೋಡುತ್ತಿದ್ದಳು, ಬಾಯಿ ತುಂಬಿತ್ತು. ಪಿನ್ನಿ ಮತ್ತೆ ಕಾಯಲಿಲ್ಲ. ಅವ್ವನ ಸಾಲನ್ನೂ ತಾನೇ ಹಾಡಿದಳು. ಮುಂದಿನದು, ಅದರ ಮುಂದಿನದು, ಎರಡು ಪಾಲನ್ನೂ ಒಬ್ಬಳೇ ಹಾಡುತ್ತ ಹೋದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಯಾರೂ ಜೊತೆಗಿಲ್ಲದವರು ಹಾಡಿಕೊಳ್ಳುವ ಹಾಗಿತ್ತು ಅಷ್ಟೇ. ಅದನ್ನು ಕೇಳುವುದೇ ಹಿಂಸೆಯಾಗಿ ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ.

ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ನೀರಿನ ಸದ್ದಾಯಿತು. ಅವ್ವ ಚೊಂಬಿನ ಮೇಲೆ ಚೊಂಬು ನೀರು ಮೊಗೆದು ಬಾಯಿ ಮುಕ್ಕಳಿಸುತ್ತಿದ್ದಳು. ಒಳಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಪಿನ್ನಿಯ ಎದುರಿಗೆ ನಿಂತಳು.

"ನನ್ ಸಾಲು ನೀನ್ಯಾಕೆ ಹಾಡ್ದಿ?" ಎಂದಳು.

"ನೀನಿರಲಿಲ್ವಲ್ಲ ಅಕ್ಕಾ" ಎಂದಳು ಪಿನ್ನಿ.

ಅವ್ವ ಅತ್ತಳು, ಪಿನ್ನಿಯೂ ಅತ್ತಳು. ಆಮೇಲೆ ಪಿನ್ನಿ ಎದ್ದು ಮಜ್ಜಿಗೆ ತಂದಳು. ಅವ್ವ ಆ ಬೇಸಿಗೆಯಲ್ಲಿ ಮತ್ತೆ ಹೊಗೆಸೊಪ್ಪು ಮುಟ್ಟಲಿಲ್ಲ. ಆಮೇಲೂ ಮುಟ್ಟಲಿಲ್ಲವೆಂದು ನಾನು ನಂಬಿದ್ದೇನೆ. ಸಂಬಂಧಿಕರ ಮನೆಯ ಕಾರ್ಯಗಳಲ್ಲಿ ಮಾತ್ರ ಬಹಳ ಕಾಲ ಎಲೆ ಅಡಿಕೆ ತಟ್ಟೆಯ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಶಾಲೆ ಶುರುವಾಗುವ ಹೊತ್ತಿಗೆ ಚಳ್ಳಕೆರೆಗೆ ವಾಪಸಾದೆವು. ನನಗಿದ್ದ ಹೆದರಿಕೆ ಅಪ್ಪನಿಗೂ ಇತ್ತು. ಅಲ್ಲಿ ರಾಟೆಯಿಲ್ಲ, ಪಿನ್ನಿಯಿಲ್ಲ, ಬೀದಿಗೊಂದು ಅಂಗಡಿ. ಆದರೆ ಹೋದ ಮರುದಿನವೇ ನಾಲ್ಕು ಗಂಟೆಗೆ ಫೋನು ಬಂತು. ಪಿನ್ನಿ ಹಲೋ ಎನ್ನಲಿಲ್ಲ, ನೇರವಾಗಿ ಸಾಲು ಎತ್ತಿದಳು. ಹಿಂದೆ ಮಗ್ಗದ ಸದ್ದು. ಅವ್ವ ತನ್ನ ಸಾಲು ಹಾಡಿದಳು. ಫೋನಿನಲ್ಲಿ ದನಿ ಒಂದಿಷ್ಟು ತಡವಾಗಿ ಹೋಗುತ್ತದಲ್ಲ, ಅದರಿಂದ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರದು ಬಿದ್ದು ತಾಳವೆಲ್ಲ ಕೆಟ್ಟಿತು. ಎರಡು ದಿನ ಅದಕ್ಕೇ ಜಗಳ. ಆಮೇಲೆ ಸಾಲಿಗೆ ಸಾಲು ಬಿಟ್ಟು, ಒಬ್ಬರು ಇಡೀ ನುಡಿ ಹಾಡುವುದು, ಇನ್ನೊಬ್ಬರು ಮುಂದಿನ ನುಡಿ ಹಾಡುವುದು ಎಂದು ಒಪ್ಪಂದವಾಯಿತು.

ಅವ್ವನಿಗೆ ಫೋನು ಹಿಡಿದು ಹಾಡಲು ಬರುತ್ತಿರಲಿಲ್ಲ. ಕೈ ತಾಳ ಹಾಕಬೇಕು. ಆ ಕೆಲಸ ಅಪ್ಪ ವಹಿಸಿಕೊಂಡರು. ಅಂಗಡಿಯನ್ನು ಮಧ್ಯಾಹ್ನದ ಮೇಲೆ ತಮ್ಮನಿಗೆ ಬಿಟ್ಟು ಮನೆಗೆ ಬರತೊಡಗಿದರು. ಹಾಡಿನ ಗಂಧವಿಲ್ಲದ ಮನುಷ್ಯ. ಭಜನೆಯಲ್ಲಿ ಚಪ್ಪಾಳೆ ತಟ್ಟಿದರೂ ಎಲ್ಲರಿಗಿಂತ ಒಂದೇಟು ಹಿಂದೆ. ಅಂಥವರು ಕುರ್ಚಿಯ ಅಂಚಿನಲ್ಲಿ ಕೂತು, ಅವ್ವನ ಬಾಯಿಯ ಹತ್ತಿರ ಫೋನು ಹಿಡಿದು, ಅಲುಗಾಡದೆ ಇರುತ್ತಿದ್ದರು. ಶಾಲೆ ಬಿಟ್ಟು ಆ ಕಡೆ ಹೋದ ದಿನ ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಮಿಲ್ಲಿನಿಂದ ಶೇಂಗಾ ಎಣ್ಣೆಯ ಬಿಸಿ ವಾಸನೆ ಬೀದಿಗೆ ಇಳಿಯುವ ಹೊತ್ತು ಅದು. ಅಪ್ಪನ ತೋಳು ಸೋತರೆ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಿದ್ದರು. ಬಾಳೆ ಎಲೆಯ ಕಟ್ಟು ತರುತ್ತಿದ್ದ ಕೈಗೆ ಬೇರೆ ಕೆಲಸ ಸಿಕ್ಕಿತ್ತು.

ಮತ್ತೆ ದುರ್ಗಕ್ಕೆ ಹೋದಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಮಚ್ಚೆ ತೆಳ್ಳಗಾಗಿದೆ ಎಂದರು. ಬಾಯಿ ಮೊದಲಿಗಿಂತ ಚೆನ್ನಾಗಿ ತೆರೆಯುತ್ತಿದೆ, ವ್ಯಾಯಾಮ ಮಾಡುತ್ತಿದ್ದೀರಾ ಎಂದು ಕೇಳಿದರು. ಅವ್ವನಿಗೆ ನಾಚಿಕೆ. ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮೂಲೆಯಿಂದ ಹೇಳಿದರು.

"ಹಾಡ್ತಾಳೆ ರೀ."

ಡಾಕ್ಟರು ನಕ್ಕರು. ಹಾಡೇ ಔಷಧಿ ಎಂದು ತಿಳಿಯಬೇಡಿ, ಬಿಟ್ಟದ್ದರಿಂದ ಗುಣವಾಗುತ್ತಿದೆ, ತಪ್ಪದೆ ತೋರಿಸುತ್ತಿರಬೇಕು ಎಂದರು. ಅದು ಸರಿಯಾದ ಮಾತು. ನಾವು ಇವತ್ತಿಗೂ ತೋರಿಸುತ್ತಿದ್ದೇವೆ. ಆದರೆ ಬಿಡಲು ಏನು ಬೇಕಾಯಿತೆಂಬುದು ನಮ್ಮ ಮನೆಯವರಿಗೆ ಗೊತ್ತು. ಲವಂಗಕ್ಕೂ ಪೆಪ್ಪರಮೆಂಟಿಗೂ ತುಂಬದ ಆ ಖಾಲಿ ಜಾಗಕ್ಕೆ ಅವ್ವನ ದನಿಯೇ ವಾಪಸು ಬರಬೇಕಾಗಿತ್ತು. ಅದು ಮೊದಲಿಂದ ಅವಳದೇ ಆಗಿತ್ತು.

ಈಗ ಅವ್ವ ಬೀದಿಯ ಹೆಂಗಸರಲ್ಲಿ ಹಾಡಿನವಳೆಂದೇ ಹೆಸರಾಗಿದ್ದಾಳೆ. ತೊಟ್ಟಿಲಿಗೆ, ಅರಿಶಿಣಕ್ಕೆ ಕರೆಯುತ್ತಾರೆ. ದನಿ ಹಳೆಯದಾಗಿದೆ, ಮೇಲಿನ ಸ್ವರಕ್ಕೆ ಹೋದರೆ ಕಿರುಗುಡುತ್ತದೆ. ಮನೆಯಲ್ಲಿ ಅವಳು ಮಾತೂ ಹೆಚ್ಚು ಆಡುತ್ತಾಳೆ. ಮೊಮ್ಮಕ್ಕಳಿಗೆ ಜೋರಾಗಿ ಗದರುತ್ತಾಳೆ, ಅಪ್ಪನಿಗೆ ಎದುರಾಡುತ್ತಾಳೆ, ಟೀವಿಯಲ್ಲಿ ಹಾಡುವವರ ತಪ್ಪು ಎತ್ತುತ್ತಾಳೆ. ತಮ್ಮ ಒಮ್ಮೆ ನನ್ನ ಕಿವಿಯಲ್ಲಿ, ಹಿಂದೆ ಮನೆ ಎಷ್ಟು ನಿಶ್ಶಬ್ದವಾಗಿತ್ತಲ್ಲವಾ ಎಂದ. ನಾವಿಬ್ಬರೂ ನಕ್ಕೆವು. ಆ ಹ್ಞೂಂಕಾರಗಳ ಭಾಷೆ ನನಗೆ ಈಗ ಅರ್ಧ ಮರೆತಿದೆ. ಕೆಲವೊಮ್ಮೆ ಅದನ್ನೂ ನೆನೆಸಿಕೊಳ್ಳಬೇಕೆನ್ನಿಸುತ್ತದೆ.

ಆಸೆ ಪೂರ್ತಿ ಹೋಯಿತಾ ಎಂದು ಒಂದು ಸಲ ಕೇಳಿದ್ದೆ. ಇಲ್ಲ ಎಂದಳು ಅವ್ವ. ಮಳೆ ಬರುವ ಮುಂಚೆ ಮಣ್ಣಿನ ವಾಸನೆ ಎದ್ದಾಗ, ಯಾರದೋ ಮನೆಯಲ್ಲಿ ಅಡಕತ್ತರಿಯ ಸದ್ದು ಕೇಳಿದಾಗ ಬಾಯಲ್ಲಿ ನೀರೂರುತ್ತದಂತೆ. ಆಗ ಏನು ಮಾಡ್ತೀಯಾ ಎಂದರೆ, ಇನ್ನೇನು ಮಾಡಬೇಕು ಎನ್ನುವಂತೆ ನನ್ನನ್ನೇ ನೋಡಿದಳು.

ಹೋದ ವರ್ಷ ಸಂಕ್ರಾಂತಿಗೆ ಮೊಳಕಾಲ್ಮೂರಿಗೆ ಹೋಗಿ ಪಿನ್ನಿಯ ಮನೆಯಲ್ಲಿ ಎರಡು ದಿನ ಇದ್ದು ಬಂದೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವನ ಪಕ್ಕಕ್ಕೆ ಒಬ್ಬ ಹೆಂಗಸು ಕೂತಳು. ಅವ್ವನಿಗಿಂತ ಸ್ವಲ್ಪ ಚಿಕ್ಕವಳು, ತಳಕಿನ ಹತ್ತಿರದ ಹಳ್ಳಿಯವಳು, ಮೊಮ್ಮಗಳಿಗೆ ಕೊಂಡ ಬಳೆಯ ಪೊಟ್ಟಣ ಮಡಿಲಲ್ಲಿತ್ತು. ಕೆನ್ನೆ ಉಬ್ಬಿತ್ತು. ಸ್ನೇಹದಿಂದ ತನ್ನ ಸಂಚಿ ಬಿಚ್ಚಿ ಅವ್ವನ ಕಡೆ ಹಿಡಿದಳು. ಅವ್ವ ಕೈ ಮುಗಿದು ಬೇಡವೆಂದಳು. ಉಪದೇಶಕ್ಕೆ ಹೋಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ನಿಮ್ಮ ಊರಲ್ಲಿ ಶೇಂಗಾ ಬಿಡಿಸುವಾಗ ಏನು ಹಾಡುತ್ತಿದ್ದಿರಿ ಎಂದು ಕೇಳಿದಳು.

ಆ ಹೆಂಗಸು ಕಿಟಕಿಯಾಚೆ ಉಗುಳಿ, ತುಟಿ ಒರೆಸಿಕೊಂಡು, "ಹಾಡ್ತಿದ್ವಿ ಕಣಕ್ಕಾ, ಈಗೆಲ್ಲಿ ನೆನಪೈತೆ" ಎಂದಳು. ಒಂದು ಸಾಲು ಶುರುಮಾಡಿ, ಅದಲ್ಲ ಎಂದು ಬಿಟ್ಟಳು. ಇನ್ನೊಂದು ಹಿಡಿದಳು, ಅದೂ ನಡುವೆ ಕಡಿಯಿತು. ಅವ್ವ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ತಳಕು ಬಂತು. ಹೆಂಗಸು ಬಳೆಯ ಪೊಟ್ಟಣ ಎದೆಗೊತ್ತಿಕೊಂಡು ಇಳಿದಳು. ಬಸ್ಸು ಹೊರಟಾಗ ಹಿಂದಿರುಗಿ ನೋಡಿದೆ. ರಸ್ತೆಯ ಬದಿಯಲ್ಲಿ ನಿಂತಿದ್ದಳು, ತುಟಿ ಅಲುಗುತ್ತಿತ್ತು.